ಹಳೆ ಯುದ್ಧ ಕಾಮಿಕ್ಸ್ ಕೈಗೆ ಸಿಕ್ಕರೆ ಮೊದಲು ಪುಟ ಎಣಿಸಿ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಹಳೆ ಮನೆಗಳ ಅಟ್ಟದಿಂದಲೋ ಗುಜರಿ ಅಂಗಡಿಯ ತಕ್ಕಡಿಯಿಂದಲೋ ಆಗೊಮ್ಮೆ ಈಗೊಮ್ಮೆ ಯುದ್ಧ ಕಾಮಿಕ್ಸಿನ ಕಟ್ಟು ಹೊರಬೀಳುವುದುಂಟು. ಹುಡುಕುವವರು ಕೆಜಿಎಫ್ ಕಡೆ ಹೆಚ್ಚು ಕಣ್ಣಿಡಬೇಕು. 2001ರ ಫೆಬ್ರವರಿಯಲ್ಲಿ ಮುಚ್ಚಿದ ಆ ಗಣಿಯ ಕ್ವಾರ್ಟರ್ಸ್‌ಗಳಲ್ಲಿ ಬ್ರಿಟಿಷ್, ಆಂಗ್ಲೋ ಇಂಡಿಯನ್ ಕುಟುಂಬಗಳು ತಲೆಮಾರುಗಟ್ಟಲೆ ಇದ್ದವು. ಇಂಗ್ಲಿಷ್ ಓದು ಅಲ್ಲಿ ಮನೆಯೊಳಗಿನ ಸಂಗತಿಯಾಗಿತ್ತು. ರಾಬರ್ಟ್‌ಸನ್‌ಪೇಟೆಯ ಗುಜರಿಯವರಿಗೆ, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದವರಿಗೆ ಒಂದು ಮಾತು ಹೇಳಿಟ್ಟಿರುವುದು ಒಳ್ಳೆಯದು. ‘ಬಂದೂಕು ಹಿಡಿದವರ ಚಿತ್ರ ಇರೋ ಸಣ್ಣ ಪುಸ್ತಕ’ ಎಂದರೆ ಸಾಕು, ಅವರಿಗೆ ಅರ್ಥವಾಗುತ್ತದೆ.

ಐವತ್ತು ಅರವತ್ತು ವರ್ಷ ಹೇಗೋ ಬದುಕಿಕೊಂಡು ಬಂದ ಪುಸ್ತಕ ಸಿಕ್ಕ ಮೊದಲ ವಾರದಲ್ಲೇ ಕೆಡುವುದು ಹೆಚ್ಚು. ಬಿಸಿಲಿಗೆ ಹಾಕುತ್ತಾರೆ, ಸೆಲೋಟೇಪ್ ಹಚ್ಚುತ್ತಾರೆ, ಇಪ್ಪತ್ತನ್ನು ಸೇರಿಸಿ ಬೈಂಡ್ ಮಾಡಿಸುತ್ತಾರೆ, ಇನ್ನೂ ಕೆಲವರು ಲ್ಯಾಮಿನೇಟ್ ಮಾಡಿಸಿ ಕೈತೊಳೆದುಕೊಳ್ಳುತ್ತಾರೆ. ಇವು ಯಾವುವನ್ನೂ ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ. ಆದ್ದರಿಂದ ಮುಂದೆ ಬರುವ ಕೆಲಸಗಳಲ್ಲಿ ಅರ್ಧಕ್ಕರ್ಧ ಏನನ್ನು ಮಾಡಬಾರದು ಎಂಬುದೇ.

ಕೈಯಲ್ಲಿರುವುದು ಯಾವುದು, ಯಾವ ಕಾಲದ್ದು

ಅಳತೆ ನೋಡಿದರೆ ಅರ್ಧ ಉತ್ತರ ಸಿಕ್ಕಿತು. ಸುಮಾರು 7 ಇಂಚು ಎತ್ತರ, ಐದೂಕಾಲರಿಂದ ಐದೂವರೆ ಇಂಚು ಅಗಲ, ಹೊರಗೆ ಬಣ್ಣದ ಚಿತ್ರ, ಒಳಗೆಲ್ಲ ಕಪ್ಪು ಬಿಳುಪು, ಪುಟಕ್ಕೆ ಎರಡೋ ಮೂರೋ ಚೌಕ ಎಂದಾದರೆ ಅದು ಬ್ರಿಟನ್ನಿನ ‘ಪಿಕ್ಚರ್ ಲೈಬ್ರರಿ’ ಜಾತಿಯದು. ಇವುಗಳಲ್ಲಿ ಹಿರಿಯಣ್ಣ ವಾರ್ ಪಿಕ್ಚರ್ ಲೈಬ್ರರಿ, 1958ರ ಸೆಪ್ಟೆಂಬರಿನಲ್ಲಿ ಶುರುವಾದದ್ದು. 1960ರಲ್ಲಿ ಏರ್ ಏಸ್, 1961ರಲ್ಲಿ ಬ್ಯಾಟಲ್ ಪಿಕ್ಚರ್ ಲೈಬ್ರರಿ ಬಂದವು. ಅದೇ 1961ರ ಜುಲೈನಲ್ಲಿ ಸ್ಕಾಟ್ಲೆಂಡಿನ ಡಂಡಿ ಊರಿನ ಡಿ.ಸಿ. ಥಾಮ್ಸನ್ ಕಂಪನಿ ಕಮಾಂಡೊ ತಂದಿತು. ವಾರ್ ಮತ್ತು ಬ್ಯಾಟಲ್ ಎರಡೂ 1984ರಲ್ಲಿ ನಿಂತವು. ಕಮಾಂಡೊ ಈಗಲೂ ಅಚ್ಚಾಗುತ್ತಿದೆ. ಹಾಗಾಗಿ ಕಮಾಂಡೊ ಎಂದ ಮಾತ್ರಕ್ಕೆ ಹಳೆಯದು ಎಂದುಕೊಳ್ಳಬೇಡಿ.

ಇವುಗಳ ಕಾಲ ತಿಳಿಯಲು ಬೆಲೆಯನ್ನೇ ನೋಡುವುದು ಸುಲಭ. ಬ್ರಿಟನ್ನಿನ ನಾಣ್ಯ ಪದ್ಧತಿ ಬದಲಾದದ್ದು 1971ರ ಫೆಬ್ರವರಿ 15ರಂದು. ಬೆಲೆ ಶಿಲ್ಲಿಂಗಿನಲ್ಲಿ ಮಾತ್ರ ಇದ್ದರೆ ಅದಕ್ಕೂ ಹಿಂದಿನದು, ಹೊಸ ಪೆನ್ಸಿನಲ್ಲಿ ಮಾತ್ರ ಇದ್ದರೆ ಆಮೇಲಿನದು, ಎರಡೂ ಒಟ್ಟಿಗಿದ್ದರೆ ಆ ಬದಲಾವಣೆಯ ಆಸುಪಾಸಿನದು. ಇನ್ನೊಂದು ತೊಡಕಿದೆ. ಕಮಾಂಡೊದವರು ಹಳೆಯ ಕಥೆಗಳಿಗೆ ಹೊಸ ನಂಬರ್ ಕೊಟ್ಟು ಮತ್ತೆ ಮತ್ತೆ ಅಚ್ಚು ಹಾಕುತ್ತ ಬಂದಿದ್ದಾರೆ. ಒಂದೇ ಕಥೆ ಎರಡು ಮೂರು ನಂಬರಿನಲ್ಲಿ ಸಿಗುತ್ತದೆ. ಸಂಗ್ರಹದ ಪಟ್ಟಿಯಲ್ಲಿ ಕಥೆಯ ಹೆಸರು ಮಾತ್ರ ಬರೆದರೆ ಗೊಂದಲವಾಗುವುದು ಖಂಡಿತ, ನಂಬರ್ ಬರೆಯಲೇಬೇಕು. ಬರೆದವರ, ಚಿತ್ರಿಸಿದವರ ಹೆಸರು ಹಳೆಯ ಸಂಚಿಕೆಗಳಲ್ಲಿ ಇರುವುದಿಲ್ಲ. ಮುಂದೆ ಜಗತ್ತಿನಲ್ಲೆಲ್ಲ ಹೆಸರು ಮಾಡಿದ ಇಟಲಿಯ ಹ್ಯೂಗೊ ಪ್ರಾಟ್ ಕೂಡ ಫ್ಲೀಟ್‌ವೇ ಕಂಪನಿಯ ಇಂಥ ಪುಸ್ತಕಗಳಿಗೆ ಹೆಸರಿಲ್ಲದೆ ಚಿತ್ರ ಬರೆದವರು.

ಅಗಲವಾದ, ತೆಳು ನ್ಯೂಸ್‌ಪ್ರಿಂಟಿನ ವಾರಪತ್ರಿಕೆಗಳದ್ದು ಬೇರೆ ಗುಂಪು: 1961ರ ವಿಕ್ಟರ್, 1974ರ ವಾರ್‌ಲಾರ್ಡ್, 1975ರ ಮಾರ್ಚಿನಲ್ಲಿ ಬಂದ ಬ್ಯಾಟಲ್ ಪಿಕ್ಚರ್ ವೀಕ್ಲಿ. ಮೊದಲ ಮಹಾಯುದ್ಧದ ಕಂದಕಗಳನ್ನು ಸಾಮಾನ್ಯ ಸಿಪಾಯಿಯ ಕಣ್ಣಿನಿಂದ ತೋರಿಸಿದ ‘ಚಾರ್ಲೀಸ್ ವಾರ್’ (ಬರವಣಿಗೆ ಪ್ಯಾಟ್ ಮಿಲ್ಸ್, ಚಿತ್ರ ಜೋ ಕೋಲ್‌ಹೂನ್) 1979ರ ಜನವರಿಯಿಂದ ಬಂದದ್ದು ಈ ಕೊನೆಯ ಪತ್ರಿಕೆಯಲ್ಲೇ. ಯುದ್ಧ ಕಾಮಿಕ್ಸಿನಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕು ಎಂದರೆ ಉಳಿಸಿಕೊಳ್ಳಬೇಕಾದದ್ದು ಅದು. ದುರದೃಷ್ಟಕ್ಕೆ ಎಲ್ಲಕ್ಕಿಂತ ಬೇಗ ಪುಡಿಯಾಗುವ ಕಾಗದವೂ ಅದೇ.

ಅಮೆರಿಕದವು ಸುಮಾರು ಹತ್ತೂವರೆ ಇಂಚು ಎತ್ತರ, ಏಳು ಇಂಚಿನ ಆಚೀಚೆ ಅಗಲ, ಒಳಗೂ ಬಣ್ಣ, ಬೆಲೆ ಸೆಂಟ್‌ಗಳಲ್ಲಿ. ಮಾಮೂಲಿ ಸಂಚಿಕೆ 1961ರ ಕೊನೆಯವರೆಗೆ 10 ಸೆಂಟ್, 1962ರಿಂದ 12, 1969ರಲ್ಲಿ 15, 1970ರ ದಶಕದಲ್ಲಿ 20, 25, 30, 35 ಎಂದು ಏರುತ್ತ ಹೋಯಿತು. ಮೂಲೆಯಲ್ಲಿ ಅಂಚೆ ಚೀಟಿಯಂಥ ‘ಕಾಮಿಕ್ಸ್ ಕೋಡ್’ ಮುದ್ರೆ ಇಲ್ಲದ 10 ಸೆಂಟಿನ ಪುಸ್ತಕ ಸಿಕ್ಕರೆ ಎರಡನೇ ಸಲ ನೋಡಿ. ಕಾಮಿಕ್ಸಿನಲ್ಲಿ ಏನಿರಬಾರದು ಎಂದು ಅಲ್ಲಿನ ಪ್ರಕಾಶಕರು ತಾವೇ ಹಾಕಿಕೊಂಡ ಆ ಕೋಡ್ ಬಂದದ್ದು 1954ರ ಅಕ್ಟೋಬರಿನಲ್ಲಿ, ಅದಕ್ಕೂ ಮೊದಲಿನ ಸಂಚಿಕೆ ಇರಬಹುದು. ಡೆಲ್ ಕಂಪನಿ ಮಾತ್ರ ಆ ಮುದ್ರೆಯನ್ನು ಯಾವತ್ತೂ ಹಾಕಿಕೊಳ್ಳಲಿಲ್ಲ, ಅದರಿಂದ ಮೋಸ ಹೋಗಬಾರದು. ನೆತ್ತಿಯ ಮೇಲೆ ಚದುರಂಗದ ಮಣೆಯಂಥ ಪಟ್ಟಿ ಇದ್ದರೆ 1966–67ರ ಡಿಸಿ ಸಂಚಿಕೆ (ಇದು ಅಮೆರಿಕದ ಡಿಸಿ ಕಾಮಿಕ್ಸ್, ಡಂಡಿಯ ಡಿ.ಸಿ. ಥಾಮ್ಸನ್ ಅಲ್ಲ). ಬಾರ್‌ಕೋಡ್ ಇದ್ದರೆ 1970ರ ದಶಕದ ಮಧ್ಯಭಾಗದ ನಂತರದ್ದು. ಕಥೆ ಮುಗಿದಲ್ಲಿ ಗುಂಡನೆಯ ಮುದ್ರೆಯಲ್ಲಿ ‘ಇನ್ನು ಯುದ್ಧ ಬೇಡ’ ಎಂಬರ್ಥದ ಇಂಗ್ಲಿಷ್ ಮಾತಿದ್ದರೆ, ಅದು ಜೋ ಕ್ಯೂಬರ್ಟ್ ಸಂಪಾದಕರಾಗಿದ್ದಾಗ 1971ರಿಂದ ಡಿಸಿಯ ಯುದ್ಧ ಪುಸ್ತಕಗಳಿಗೆ ಹಾಕಿಸಿದ್ದು.

ಖಚಿತ ತಿಂಗಳು, ವರ್ಷ ಬೇಕಿದ್ದರೆ ರಕ್ಷಾಪುಟದ ಒಳಬದಿ ಅಥವಾ ಮೊದಲ ಪುಟದ ಅಡಿಯಲ್ಲಿರುವ ಇರುವೆ ಸಾಲಿನಂಥ ಅಕ್ಷರಗಳನ್ನು ಓದಿ. ಪ್ರಕಾಶಕರು, ಸಂಪುಟ, ಸಂಚಿಕೆ ಎಲ್ಲ ಅಲ್ಲಿರುತ್ತದೆ. ಮುಖಪುಟ ಕಳೆದುಹೋದ ಪ್ರತಿಯನ್ನು ಗುರುತಿಸುವುದೂ ಇದರಿಂದಲೇ. ಮುದ್ರಿತ ತಿಂಗಳು ಅಂಗಡಿಗೆ ಬಂದ ತಿಂಗಳಿಗಿಂತ ಎರಡು ಮೂರು ತಿಂಗಳು ಮುಂದಿರುವುದು ಅಲ್ಲಿನ ವಾಡಿಕೆ.

ಹೆಸರುಗಳ ವಿಷಯದಲ್ಲಿ ಇಷ್ಟು ನೆನಪಿದ್ದರೆ ಸಾಕು. ಹಾರ್ವೆ ಕರ್ಟ್ಜ್‌ಮನ್ ಸಂಪಾದಿಸಿದ ಇಸಿ ಕಂಪನಿಯ ‘ಟು-ಫಿಸ್ಟೆಡ್ ಟೇಲ್ಸ್’, ‘ಫ್ರಂಟ್‌ಲೈನ್ ಕಾಂಬ್ಯಾಟ್’ ಕೊರಿಯಾ ಯುದ್ಧದ ಕಾಲದವು, ಇಲ್ಲಿ ಸಿಗುವುದು ಅಪರೂಪ. ಡಿಸಿಯ ‘ಅವರ್ ಆರ್ಮಿ ಅಟ್ ವಾರ್’ 1952ರಲ್ಲಿ ಆರಂಭವಾಗಿ, 1959ರಲ್ಲಿ ಸಾರ್ಜೆಂಟ್ ರಾಕ್‌ನನ್ನು ತಂದು, 302ನೇ ಸಂಚಿಕೆಯಿಂದ (1977) ಅವನ ಹೆಸರನ್ನೇ ಇಟ್ಟುಕೊಂಡು, 1988ರಲ್ಲಿ 422ಕ್ಕೆ ನಿಂತಿತು. ನಡುವೆ ನಿಂತುಹೋಯಿತೆಂದು ಹಲವರು ತಿಳಿಯುತ್ತಾರೆ. ನಿಂತಿಲ್ಲ, ನಂಬರ್ ಮುಂದುವರಿದಿದೆ. ಮಾರ್ವೆಲ್‌ನ ‘ಸಾರ್ಜೆಂಟ್ ಫ್ಯೂರಿ’ 1963ರದು. ಹಡಗಿನಿಂದ ದಡಕ್ಕಿಳಿದು ಕಾದುವ ಅಮೆರಿಕದ ಸೈನಿಕರಾದ ಮರೀನ್‌ಗಳ ಕಥೆಯೇ ಬೇಕೆಂದರೆ ಡಿಸಿಯ ‘ಅವರ್ ಫೈಟಿಂಗ್ ಫೋರ್ಸಸ್’ನ ಗನ್ನರ್ ಮತ್ತು ಸಾರ್ಜ್ ಜೋಡಿ, ಚಾರ್ಲ್‌ಟನ್‌ನ ‘ಫೈಟಿನ್ ಮರೀನ್ಸ್’ ಹುಡುಕಿ. ಚಾರ್ಲ್‌ಟನ್ ಪುಸ್ತಕದಲ್ಲಿ ಬಣ್ಣ ಗೆರೆಯಾಚೆ ಚೆಲ್ಲಿದ್ದರೆ, ಅಂಚು ಸೊಟ್ಟಗೆ ಕತ್ತರಿಸಿದ್ದರೆ ಹೆದರಬೇಡಿ. ಕನೆಕ್ಟಿಕಟ್‌ನ ಡರ್ಬಿಯಲ್ಲಿದ್ದ ಅವರ ಸ್ವಂತ ಅಚ್ಚುಕೂಟದ ಕೆಲಸವೇ ಹಾಗೆ. ಹುಟ್ಟಿನಿಂದ ಬಂದದ್ದು ಅದು, ಯಾರೂ ಕೆಡಿಸಿದ್ದಲ್ಲ.

ಮುಖಪುಟದ ಮೇಲೆ ನೇರಳೆ ಬಣ್ಣದ ದುಂಡು ಮುದ್ರೆಯಲ್ಲಿ ಪೆನ್ಸಿನ ಬೆಲೆ ಇದ್ದರೆ ಆ ಅಮೆರಿಕನ್ ಪುಸ್ತಕ ಬ್ರಿಟನ್ ದಾಟಿ ಬಂದದ್ದು. ಅಲ್ಲಿನ ಆಮದುದಾರರಾದ ಥಾರ್ಪ್ ಅಂಡ್ ಪೋರ್ಟರ್ ಹೀಗೆ ಮುದ್ರೆ ಒತ್ತುತ್ತಿದ್ದರು. ಅದನ್ನು ಉಜ್ಜಿ ತೆಗೆಯಲು ಹೋಗಬೇಡಿ.

ದುಡ್ಡು ಕೊಡುವ ಮುನ್ನ

ಪುಟ ಎಣಿಸಿ. ಅಚ್ಚಾದ ಪುಟಸಂಖ್ಯೆಯನ್ನು ನಂಬಬೇಡಿ, ಜಾಹೀರಾತು ಪುಟಗಳನ್ನು ಬಿಟ್ಟು ನಂಬರ್ ಹಾಕಿರುತ್ತಾರೆ. ಮಾಮೂಲಿ ಅಮೆರಿಕನ್ ಸಂಚಿಕೆಯಲ್ಲಿ ಒಳಗೆ 32 ಪುಟ, ಅಂದರೆ 16 ಹಾಳೆ, ಹೊರಗೆ ರಕ್ಷಾಪುಟದ 4. (1971–72ರ 25 ಸೆಂಟಿನ ಡಿಸಿ ಸಂಚಿಕೆಗಳು ದಪ್ಪ, ರಕ್ಷಾಪುಟವೂ ಸೇರಿ 52.) ಹಾಳೆಗಳು ಜೋಡಿಜೋಡಿಯಾಗಿ ಮಡಿಸಿ ಪಿನ್ ಹೊಡೆದವಾದ್ದರಿಂದ ಎಣಿಕೆ ತಪ್ಪಿದಾಗ ಕಾರಣ ಪತ್ತೆಮಾಡುವುದು ಸುಲಭ: 3ನೇ ಹಾಳೆ ಹೋಗಿದ್ದರೆ 14ನೆಯದು ಸಡಿಲವಾಗಿರುತ್ತದೆ, 5 ಹೋದರೆ 12. ಎರಡು ಸಂಖ್ಯೆ ಕೂಡಿದರೆ ಯಾವಾಗಲೂ 17. ಮಧ್ಯದ ಜೋಡಿ, ಅಂದರೆ 8 ಮತ್ತು 9, ಪಿನ್ನಿನಿಂದ ಕಳಚಿ ಇಡಿಯಾಗಿ ಕಾಣೆಯಾಗುವುದೇ ಹೆಚ್ಚು. ಎರಡೂ ಒಟ್ಟಿಗೆ ಹೋಗಿರುವುದರಿಂದ ಬೇರೆ ಯಾವ ಹಾಳೆಯೂ ಅಲುಗಾಡುವುದಿಲ್ಲ, ಕಣ್ಣಿಗೂ ಬೀಳುವುದಿಲ್ಲ. ಕಮಾಂಡೊದಲ್ಲಿ ಒಳಗೆ 64, ರಕ್ಷಾಪುಟ ಸೇರಿ 68.

ಎಣಿಸುತ್ತಲೇ ಜಾಹೀರಾತು ಪುಟಗಳ ಮೂಲೆ ನೋಡಿ. ಪ್ಲಾಸ್ಟಿಕ್ ಸೈನಿಕರ ಪೆಟ್ಟಿಗೆ ತರಿಸಿಕೊಳ್ಳುವ ಕೂಪನ್ ಕತ್ತರಿಸಿದ್ದರೆ ಅದರ ಬೆನ್ನಿನಲ್ಲಿದ್ದ ಕಥೆಯ ಚೌಕವೂ ಹೋಯಿತು. ಮುಖಪುಟದ ಮೇಲಿನ ಮೂರನೇ ಒಂದು ಭಾಗ ಇಲ್ಲವೆಂದರೆ ಅದು ಮಾರಾಟವಾಗದೆ ಉಳಿದ ಪ್ರತಿ. ಅಮೆರಿಕದ ಅಂಗಡಿಯವರು ಆ ತುಂಡನ್ನಷ್ಟೇ ವಾಪಸು ಕಳಿಸಿ ದುಡ್ಡು ಪಡೆಯುತ್ತಿದ್ದರು.

ಆನಂತರ ಕಾಗದದ ಜೀವ. ಒಂದು ಒಳಪುಟದ ಕೆಳಮೂಲೆಯನ್ನು ತೀರ ಮೆತ್ತಗೆ ಬಾಗಿಸಿ ಬಿಡಿ. ವಾಪಸು ಬಂದರೆ ಸರಿ. ಅಂಚಿನಿಂದ ಸಣ್ಣ ಚೂರುಗಳು ಉದುರಿದರೆ ಆ ಪ್ರತಿಯನ್ನು ಓದಲು ಕೂಡ ಆಗುವುದಿಲ್ಲ, ಅಪರೂಪದ್ದಲ್ಲದಿದ್ದರೆ ಬಿಟ್ಟುಬಿಡಿ. ಹಳದಿಯಾಗಿರುವುದು ಒಂದೇ ದೋಷವೆಂದಾದರೆ ಬಿಡಬೇಕಿಲ್ಲ.

ಆನ್‌ಲೈನಿನಲ್ಲಿ ಕೊಳ್ಳುವವರು ದರ್ಜೆಯ ಮಾತನ್ನು ಹತ್ತರ ಮಾಪನಕ್ಕೆ ಹೊಂದಿಸಿ ಓದಬೇಕು: ನಿಯರ್ ಮಿಂಟ್ 9.4, ವೆರಿ ಫೈನ್ 8, ಫೈನ್ 6, ವೆರಿ ಗುಡ್ 4, ಗುಡ್ 2. ‘ಗುಡ್’ ಎಂದು ಬರೆದ ಪುಸ್ತಕ ತರಿಸಿಕೊಂಡು ಚಿಂದಿ ಬಂತೆಂದು ಜಗಳ ತೆಗೆಯುವವರು ಈ ಮಾಪನ ನೋಡಿರುವುದಿಲ್ಲ.

ಹುಳವನ್ನು ಮನೆಯೊಳಗೆ ಬಿಟ್ಟುಕೊಳ್ಳದೆ

ಗುಜರಿಯಿಂದ ಬಂದ ಕಟ್ಟನ್ನು ನೇರ ಕಪಾಟಿಗೆ ಇಡಬಾರದು. ಜಿರಳೆ ಮೊಟ್ಟೆ, ಸಿಲ್ವರ್‌ಫಿಶ್, ಗೆದ್ದಲಿನ ಮಣ್ಣು ಬೆನ್ನಿನ ಮಡಿಕೆಯಲ್ಲಿ ಕೂತಿರುತ್ತವೆ. ಫ್ರೀಜರ್ ಇದ್ದರೆ ಔಷಧಿ ಬೇಡ. ಐದೈದು ಪುಸ್ತಕಗಳನ್ನು ಜಿಪ್ ಕವರಿನಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಅದನ್ನು ಇನ್ನೊಂದು ಕವರಿನಲ್ಲಿಟ್ಟು, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಬಿಡಿ. ಹೊರತೆಗೆದ ಮೇಲೆ 24 ಗಂಟೆ ಕವರ್ ಬಿಚ್ಚಬಾರದು. ತಣ್ಣಗಿರುವಾಗಲೇ ಬಿಚ್ಚಿದರೆ ಗಾಳಿಯ ತೇವ ನೇರವಾಗಿ ಕಾಗದದ ಮೇಲೆ ಇಳಿಯುತ್ತದೆ. ಬೇಸಿಗೆಯಲ್ಲಿ ಕರೆಂಟು ಹೋಗಿ ಫ್ರೀಜರಿನ ಮಂಜು ಕರಗಿತೆಂದರೆ ಆ ಎರಡು ವಾರವನ್ನು ಮೊದಲಿಂದ ಎಣಿಸಬೇಕು. ನಿಧಾನವಾದ, ಅರೆಬರೆ ಚಳಿಗೆ ಹುಳದ ಮೊಟ್ಟೆ ಹೊಂದಿಕೊಂಡುಬಿಡುತ್ತದೆ.

ನುಸಿಗುಳಿಗೆ ಹಾಕುವ ರೂಢಿ ಬಿಡಿ. ಅದರ ಆವಿ ಪ್ಲಾಸ್ಟಿಕ್ ಕವರನ್ನು ಮೆತ್ತಗೆ ಮಾಡುತ್ತದೆ, ವಾಸನೆ ವರ್ಷಗಟ್ಟಲೆ ಹೋಗುವುದಿಲ್ಲ, ಮನೆಯವರ ಆರೋಗ್ಯಕ್ಕೂ ಒಳ್ಳೆಯದಲ್ಲ. ಬೇವಿನ ಸೊಪ್ಪನ್ನು ಹಸಿಯಾಗಿ ಪುಸ್ತಕದ ನಡುವೆ ಇಟ್ಟರೆ ಹುಳಕ್ಕಿಂತ ಮೊದಲು ಕಲೆ ಬರುತ್ತದೆ.

ದೂಳು ಮತ್ತು ಪಿನ್ನು

ಕ್ರಷರ್, ಕ್ವಾರಿ ಇರುವ ನಮ್ಮ ಕಡೆ ದೂಳು ಎಂದರೆ ಕಲ್ಲಿನ ಪುಡಿಯೇ. ಬಟ್ಟೆಯಲ್ಲಿ ಒರೆಸಿದರೆ ಮುಖಪುಟದ ಹೊಳಪಿನ ಮೇಲೆ ಸಣ್ಣ ಗೀರು ಬೀಳುತ್ತವೆ. ಮೇಕಪ್ಪಿಗೆ ಬಳಸುವಂಥ ಅಗಲವಾದ ಮೃದು ಕುಂಚದಿಂದ, ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ, ಒಂದೇ ದಿಕ್ಕಿನಲ್ಲಿ ಗುಡಿಸಬೇಕು. ಆಮೇಲೂ ಉಳಿದ ಕೊಳೆಗೆ ಬಿಳಿ ವಿನೈಲ್ ರಬ್ಬರನ್ನು ತುರಿಮಣೆಯಲ್ಲಿ ತುರಿದು, ಆ ಪುಡಿಯನ್ನು ಮುಖಪುಟದ ಮೇಲೆ ಉದುರಿಸಿ ಬೆರಳ ತುದಿಯಿಂದ ಸುತ್ತಿಸಿ ಗುಡಿಸಿಬಿಡಿ. ಮಡಿಕೆ ಬಿದ್ದಲ್ಲಿ, ಬಣ್ಣ ಎದ್ದಲ್ಲಿ ಮುಟ್ಟಬಾರದು. ಒಳಪುಟಗಳಿಗೆ ಕುಂಚ ಮಾತ್ರ. ನೀರು, ಸ್ಪಿರಿಟ್, ಥಿನ್ನರ್ ಯಾವುದೂ ಬೇಡ. ಬೋರ್‌ವೆಲ್ ನೀರಿನ ಒಂದು ಹನಿ ಆರಿದರೆ ಸುಣ್ಣದ ಅಂಚಿರುವ ಕಂದು ವರ್ತುಲ ಶಾಶ್ವತವಾಗಿ ಉಳಿಯುತ್ತದೆ, ಥಿನ್ನರ್ ಅಚ್ಚಿನ ಮಸಿಯನ್ನೇ ಕರಗಿಸುತ್ತದೆ.

ಪಿನ್ ತುಕ್ಕು ಹಿಡಿದಿದ್ದರೆ ತಕ್ಷಣ ಕೀಳಬೇಕೆಂದೇನಿಲ್ಲ. ತುಕ್ಕು ಲೋಹದ ಮೇಲಷ್ಟೇ ಇದ್ದು ಕಾಗದಕ್ಕೆ ಇಳಿದಿಲ್ಲವೆಂದರೆ ಹಾಗೇ ಬಿಡಿ, ಅಸಲಿ ಪಿನ್ನಿಗೂ ಬೆಲೆಯಿದೆ. ಕಂದು ಬಣ್ಣ ಕಾಗದಕ್ಕೆ ಹಬ್ಬಿದ್ದರೆ ತೆಗೆಯಿರಿ: ಪುಸ್ತಕವನ್ನು ನಡುಪುಟಕ್ಕೆ ಬಿಡಿಸಿ, ಪಿನ್ನಿನ ಎರಡು ಕಾಲುಗಳ ಅಡಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಸೇರಿಸಿ, ಚಪ್ಪಟೆ ಬಿದಿರು ಕಡ್ಡಿಯಿಂದ ಕಾಲುಗಳನ್ನು ನೆಟ್ಟಗೆ ನಿಲ್ಲಿಸಿ, ಆಮೇಲೆ ಹೊರಗಿನಿಂದ ನೇರವಾಗಿ ಎಳೆಯಿರಿ. ಇಕ್ಕಳ ಹಾಕಿ ತಿರುಚಿದರೆ ತೂತು ಹರಿದು ಮಧ್ಯದ ಹಾಳೆ ಕೈಗೆ ಬರುತ್ತದೆ. ಹೊಸದಾಗಿ ಹಾಕುವುದಾದರೆ ಸ್ಟೇಷನರಿ ಅಂಗಡಿಯ ಮಾಮೂಲಿ ಪಿನ್ ಬೇಡ, ಅದೂ ನಾಲ್ಕು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಪಿನ್, ಇಲ್ಲವಾದರೆ ಹತ್ತಿಯ ಬಿಳಿ ದಾರವನ್ನು ಹಳೆಯ ತೂತುಗಳಲ್ಲೇ ಪೋಣಿಸಿ ಒಳಗೆ ಗಂಟು ಹಾಕಿ. ಹೊಸ ತೂತು ಮಾಡಬಾರದು.

ಹರಿದದ್ದನ್ನು ಸೇರಿಸುವ ಬಗೆ

ಸೆಲೋಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಎಣ್ಣೆಯ ಹಾಗೆ ಕಾಗದದೊಳಗೆ ಇಳಿದು, ಕಂದಾಗಿ, ಕೊನೆಗೆ ಟೇಪು ಉದುರಿದ ಮೇಲೂ ಪಟ್ಟಿಯನ್ನು ಬಿಟ್ಟು ಹೋಗುತ್ತದೆ. ಹಳೆಯ ಟೇಪು ಇದ್ದರೆ ಎಳೆಯಬೇಡಿ. ತಾನಾಗಿ ಬಿಟ್ಟಿದ್ದನ್ನು ಮಾತ್ರ ತೆಗೆಯಿರಿ.

ಬೇಕಾದದ್ದು ಎರಡೇ: 5ರಿಂದ 10 ಜಿಎಸ್‌ಎಂ ತೂಕದ ಜಪಾನೀ ಟಿಶ್ಯೂ ಕಾಗದ (ಕೋಜೊ ನಾರಿನದು, ಕಲಾ ಸಾಮಗ್ರಿ ಮಾರುವ ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತದೆ) ಮತ್ತು ನೀರಿನಲ್ಲಿ ಮತ್ತೆ ಬಿಡಿಸಬಹುದಾದ ಅಂಟು. ಅಂಟಿಗೆ ಗೋಧಿಯ ಪಿಷ್ಟ 1 ಭಾಗ, ಡಿಸ್ಟಿಲ್ಡ್ ನೀರು 5 ಭಾಗ. ಅರ್ಧ ಗಂಟೆ ನೆನೆಸಿ, ಕುದಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು, ಕೈಬಿಡದೆ 20ರಿಂದ 30 ನಿಮಿಷ ತಿರುವಿ. ಹಾಲಿನ ಬಿಳುಪು ಹೋಗಿ ಅರೆ ಪಾರದರ್ಶಕವಾದಾಗ ಇಳಿಸಿ, ಆರಿದ ಮೇಲೆ ತೆಳು ಬಟ್ಟೆಯಲ್ಲಿ ಹಿಂಡಿ ಸೋಸಿ. ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ. ಮೈದಾ ಬಳಸಬಾರದು. ಅದರ ಗ್ಲುಟನ್ ಗಟ್ಟಿಯಾಗಿ ಕಂದಾಗುತ್ತದೆ. ಬೈಂಡಿಂಗಿನವರು ಹುಳಕ್ಕೆಂದು ಅಂಟಿಗೆ ಮೈಲುತುತ್ತ ಬೆರೆಸುವುದುಂಟು, ಅದಂತೂ ಕೂಡದು. ತಾಮ್ರ ಸೇರಿದ ಕಡೆ ಕಾಗದ ಇನ್ನೂ ಬೇಗ ಸಾಯುತ್ತದೆ.

ಕಾಯಿಸುವ ರಗಳೆ ಬೇಡ ಎನ್ನುವವರಿಗೆ ಮೀಥೈಲ್ ಸೆಲ್ಯುಲೋಸ್ ಇದೆ. ಹುಳ ಮುಟ್ಟುವುದಿಲ್ಲ, ಕೆಡುವುದಿಲ್ಲ, ಆದರೆ ಹಿಡಿತ ಕಡಿಮೆ. 3 ಗ್ರಾಂ ಪುಡಿಯನ್ನು 35 ಮಿಲಿ ಬಿಸಿ ನೀರಿಗೆ ಉದುರಿಸಿ ಕಲಕಿ, 65 ಮಿಲಿ ತಣ್ಣೀರು ಸೇರಿಸಿ ರಾತ್ರಿಯಿಡೀ ಬಿಡಿ. ಮೊದಲೇ ತಣ್ಣೀರಿಗೆ ಹಾಕಿದರೆ ಗಂಟು ಕಟ್ಟಿ ಬೇಗ ಕರಗುವುದಿಲ್ಲ.

ಟಿಶ್ಯೂವನ್ನು ಕತ್ತರಿಯಲ್ಲಿ ಕತ್ತರಿಸಬಾರದು. ಒದ್ದೆ ಕುಂಚದಿಂದ ಗೆರೆ ಎಳೆದು ಎರಡೂ ಕಡೆ ಎಳೆದರೆ ಅಂಚಿನಲ್ಲಿ ನಾರು ಹೊರಚಾಚಿ ನಿಲ್ಲುತ್ತವೆ. ಹಿಡಿದುಕೊಳ್ಳುವುದು ಆ ನಾರುಗಳೇ. ಪಟ್ಟಿಯ ಅಗಲ 5–6 ಮಿಲಿಮೀಟರ್ ಸಾಕು. ಅಂಟನ್ನು ಕೆನೆಯಷ್ಟು ತೆಳುಮಾಡಿ ಪಟ್ಟಿಗೆ ಹಚ್ಚಿ, ಹಾಳು ಕಾಗದದ ಮೇಲೆ ಒಮ್ಮೆ ಒತ್ತಿ ನೀರಿನಂಶ ಕಳೆಯಿರಿ. ಇಲ್ಲಿ ಅವಸರ ಮಾಡಿದರೆ ಕೆಟ್ಟಿತು. ನ್ಯೂಸ್‌ಪ್ರಿಂಟಿಗೆ ಒದ್ದೆ ಹೆಚ್ಚಾದರೆ ಅದರೊಳಗಿನ ಹಳದಿ ಕೊಳೆ ಹರಿದು ಬಂದು ಒದ್ದೆಯ ಅಂಚಿನಲ್ಲಿ ಗೆರೆ ಕಟ್ಟುತ್ತದೆ. ಹರಿದ ಎರಡು ತುದಿಗಳು ಸಾಮಾನ್ಯವಾಗಿ ಇಳಿಜಾರಾಗಿರುತ್ತವೆ. ಯಾವುದು ಮೇಲೆ, ಯಾವುದು ಕೆಳಗೆ ಎಂದು ನೋಡಿ ಹೊಂದಿಸಿದರೆ ಚಿತ್ರದ ನಡುವೆ ಬಿಳಿ ಗೆರೆ ಕಾಣುವುದಿಲ್ಲ. ಪಟ್ಟಿಯನ್ನು ಪುಟದ ಹೆಚ್ಚು ಖಾಲಿಯಿರುವ ಬದಿಗೆ ಇಟ್ಟು, ಮೇಲೂ ಕೆಳಗೂ ಸಿಲಿಕೋನ್ ಲೇಪದ ಬೇಕಿಂಗ್ ಪೇಪರ್, ಅದರಾಚೆ ಬ್ಲಾಟಿಂಗ್ ಪೇಪರ್, ಮೇಲೊಂದು ಗಾಜು, ಒಂದು ಕಿಲೋ ತೂಕ. ಹತ್ತು ನಿಮಿಷಕ್ಕೆ ಒಮ್ಮೆ, ಗಂಟೆಗೆ ಇನ್ನೊಮ್ಮೆ ಬ್ಲಾಟಿಂಗ್ ಪೇಪರ್ ಬದಲಿಸಿ, ರಾತ್ರಿಯಿಡೀ ಬಿಡಿ. ಕೆಲಸಕ್ಕೆ ಮೊದಲು ಎರಡು ರೂಪಾಯಿಗೂ ಬಾಳದ ಹಳೆ ವಾರಪತ್ರಿಕೆಯ ಮೇಲೆ ಕೈ ಪಳಗಿಸಿಕೊಳ್ಳಿ.

ಎಲ್ಲ ಹರಿವನ್ನೂ ಸರಿಪಡಿಸಬೇಕಿಲ್ಲ. ಅರ್ಧ ಇಂಚಿಗಿಂತ ಚಿಕ್ಕದು, ಓದುವಾಗ ಬೆಳೆಯದ ಜಾಗದ್ದು ಆದರೆ ಕವರಿನೊಳಗೆ ಸುಮ್ಮನೆ ಕೂತಿರಲಿ. ಬಣ್ಣ ಹೋದಲ್ಲಿ ಸ್ಕೆಚ್ ಪೆನ್ ಹಾಕುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಬಲ್ಲವರ ಕಣ್ಣಿಗೆ ಅದು ತಕ್ಷಣ ಬೀಳುತ್ತದೆ, ಬೆಲೆ ಅಲ್ಲೇ ಅರ್ಧ.

ಕವರು, ರಟ್ಟು, ಟ್ರಂಕು

ಕವರಿಗೆ ಪಿವಿಸಿ ಬೇಡ. ಹೊಸ ರೇನ್‌ಕೋಟಿನ ವಾಸನೆ ಬರುವ, ಕೈಗೆ ಅಂಟಂಟಾಗುವ ಪ್ಲಾಸ್ಟಿಕ್ ಅದೇ. ಅನುಮಾನವಿದ್ದರೆ ಮನೆಯ ಹೊರಗೆ ಒಂದು ಪರೀಕ್ಷೆ ಮಾಡಿ: ತಾಮ್ರದ ತಂತಿಯ ತುದಿಯನ್ನು ಇಕ್ಕಳದಲ್ಲಿ ಹಿಡಿದು ಕಾಯಿಸಿ, ಕವರಿನ ಒಂದು ಚೂರಿಗೆ ಮುಟ್ಟಿಸಿ, ಮತ್ತೆ ಜ್ವಾಲೆಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಕ್ಲೋರಿನ್ ಇದೆ, ಪಿವಿಸಿ ಇರಬೇಕು. ಹೊಗೆ ಕುಡಿಯಬೇಡಿ. ಅಂಗಿ ಪ್ಯಾಕ್ ಮಾಡುವ ಗರಿಗರಿ ಪಾರದರ್ಶಕ ಕವರು ಪಾಲಿಪ್ರೊಪಿಲೀನ್, ಅದನ್ನು ಬಳಸಬಹುದು. ಆದರೆ ಅದರ ಬಾಯಿಯಲ್ಲಿರುವ ಅಂಟಿನ ಪಟ್ಟಿಯನ್ನು ಕತ್ತರಿಸಿ ಎಸೆಯಿರಿ, ಇಲ್ಲವಾದರೆ ಪುಸ್ತಕ ಹೊರತೆಗೆಯುವಾಗ ಮುಖಪುಟದ ತೊಗಟೆ ಅದಕ್ಕೆ ಅಂಟಿಕೊಂಡು ಬರುತ್ತದೆ. ಇಂಥ ಕವರನ್ನು ಐದಾರು ವರ್ಷಕ್ಕೊಮ್ಮೆ ಬದಲಿಸಬೇಕು. ದುಬಾರಿಯಾದರೂ 50 ಮೈಕ್ರಾನ್ ಪಾಲಿಯೆಸ್ಟರ್ ಕವರಿಗೆ ಆ ತೊಂದರೆಯಿಲ್ಲ. ಪುಸ್ತಕಕ್ಕಿಂತ 6 ಮಿಲಿಮೀಟರ್ ಅಗಲ ಹೆಚ್ಚಿರಲಿ. ಬಿಗಿಯಾದರೆ ಬೆನ್ನು ಒಡೆಯುತ್ತದೆ, ಸಡಿಲವಾದರೆ ಮೂಲೆ ಮಡಚುತ್ತದೆ.

ಬೆನ್ನಿಗೆ ಕೊಡುವ ರಟ್ಟಿನಲ್ಲಿ ಎಲ್ಲರೂ ಎಡವುತ್ತಾರೆ. ಸ್ವೀಟ್ ಬಾಕ್ಸಿನ, ಅಂಗಿಯ ಒಳಗಿನ ಬೂದು ಬೆನ್ನಿನ ರಟ್ಟು ಸ್ವತಃ ಆಮ್ಲದ ಮೂಟೆ. ಮುಚ್ಚಿದ ಕವರಿನಲ್ಲಿ ಅದನ್ನಿಟ್ಟರೆ ಪುಸ್ತಕದ ಹಿಂಬದಿಗೆ ಕಂದು ಛಾಯೆ ದಾಟಿಸುತ್ತದೆ. ಆಮ್ಲರಹಿತ, ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿದ ರಟ್ಟು ಬೇಕು. ಪಿಎಚ್ ಪೆನ್ನಿನಲ್ಲಿ ಗೆರೆ ಎಳೆದಾಗ ನೇರಳೆ ಬಂದರೆ ಒಳ್ಳೆಯದು, ಹಳದಿಯಾದರೆ ವಾಪಸು ಕೊಡಿ. ಇದ್ಯಾವುದೂ ಸಿಗದಿದ್ದರೆ ರಟ್ಟೇ ಬೇಡ, ಕೆಟ್ಟ ರಟ್ಟಿಗಿಂತ ಬರಿ ಕವರು ಮೇಲು.

ನಿಲ್ಲಿಸಿ ಇಡಿ, ಒತ್ತಾಗಿ ತುಂಬಬೇಡಿ. ಮನೆಯ ಹಳೆ ಕಬ್ಬಿಣದ ಟ್ರಂಕಿಗೆ ಬಣ್ಣ ಎದ್ದಿಲ್ಲ, ತುಕ್ಕಿಲ್ಲ ಎಂದರೆ ಅದು ಗೆದ್ದಲಿಗೂ ಇಲಿಗೂ ಒಳ್ಳೆಯ ಕೋಟೆ. ಹೊಸದಾಗಿ ಬಣ್ಣ ಬಳಿಸಿದ್ದರೆ ವಾಸನೆ ಪೂರ್ತಿ ಹೋಗುವ ತನಕ, ಒಂದು ತಿಂಗಳಾದರೂ, ಬಾಯ್ತೆರೆದು ಬಿಡಿ.

ಬೇಸಿಗೆಯ ಲೆಕ್ಕ

ಈ ಪುಸ್ತಕಗಳ ಕಾಗದ ಮರದ ತಿರುಳನ್ನು ಅರೆದು ಮಾಡಿದ್ದು. ಅದರಲ್ಲಿ ಲಿಗ್ನಿನ್ ಉಳಿದಿದೆ, ಆಮ್ಲವೂ ಇದೆ. ಸಾವು ಒಳಗಿನಿಂದಲೇ ನಡೆಯುತ್ತಿರುತ್ತದೆ, ಅದರ ವೇಗ ಶಾಖದ ಮೇಲೆ ನಿಂತಿದೆ. ಸುಮಾರು 5 ಡಿಗ್ರಿ ತಂಪು ಮಾಡಿದರೆ ಆಯಸ್ಸು ಹತ್ತಿರ ಹತ್ತಿರ ಇಮ್ಮಡಿ ಎಂಬುದು ಕಾಗದ ಕಾಪಾಡುವವರ ಸ್ಥೂಲ ಲೆಕ್ಕ. ಮಲೆನಾಡಿನವರಿಗೆ ಬೂಷ್ಟಿನದೇ ಚಿಂತೆ. ಬಯಲುಸೀಮೆಯಲ್ಲಿ ಮೊದಲ ಶತ್ರು ಮಾರ್ಚ್‌ನಿಂದ ಮೇವರೆಗಿನ ಅಟ್ಟ. ಶೀಟಿನ ಮನೆಯ ಅಟ್ಟವಾಗಲಿ, ಬಿಸಿಲು ಹೊಡೆಯುವ ಪಶ್ಚಿಮದ ಗೋಡೆಯ ಸಜ್ಜಾವಾಗಲಿ ಬೇಡವೇ ಬೇಡ. ನೆಲಮಟ್ಟದ ಕೋಣೆ, ಮನೆಯ ನಡುವಿನ ಗೋಡೆ, ಉತ್ತರದ ಬದಿ, ಇವೇ ಸರಿಯಾದ ಜಾಗ. ಕೋಲಾರ ಕಡೆಯ ಚಪ್ಪಡಿ ಕಲ್ಲಿನ ಮನೆಯಾದರೆ ಟ್ರಂಕನ್ನು ಗೋಡೆಗೆ ಒರಗಿಸದೆ ಮೂರು ಇಂಚು ದೂರ, ನೆಲದಿಂದ ಒಂದು ಇಟ್ಟಿಗೆ ಎತ್ತರ ಇಡಿ. ಕಲ್ಲು ಹಗಲು ಕಾದು ರಾತ್ರಿ ಬಿಡುತ್ತದೆ, ಮಳೆಗಾಲದಲ್ಲಿ ಬೆವರುತ್ತದೆ.

ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ತೇವಾಂಶ ಮಾಪಕ ಒಂದನ್ನು ಟ್ರಂಕಿನೊಳಗೆ ಇಟ್ಟುಬಿಡಿ. 40ರಿಂದ 50 ಶೇಕಡಾ ಒಳ್ಳೆಯದು. 65 ದಾಟಿದರೆ ಬೂಷ್ಟು, 30ಕ್ಕಿಂತ ಇಳಿದರೆ ಕಾಗದ ಪುಟಿಯುವ ಬದಲು ಮುರಿಯುತ್ತದೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಆಗಸ್ಟ್‌ನಿಂದ ನವೆಂಬರ್ ತನಕ, ಹಿಂಗಾರು ಮತ್ತು ಚಂಡಮಾರುತದ ಜಡಿಮಳೆಯ ದಿನಗಳಲ್ಲಿ, ಸಿಲಿಕಾ ಜೆಲ್ ಬೇಕಾಗುತ್ತದೆ. ಬಿಗಿ ಮುಚ್ಚಳದ 50 ಲೀಟರ್ ಡಬ್ಬಕ್ಕೆ ಬಟ್ಟೆ ಚೀಲದಲ್ಲಿ ಕಟ್ಟಿದ 250ರಿಂದ 500 ಗ್ರಾಂ ಹಾಕಿ. ಬಣ್ಣ ಬದಲಾದಾಗ 110–120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿ ಜಾತಿಯದರಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಯ ಓವನ್ನಿಗೆ ಹಾಕಬೇಡಿ. ಅವರೆಕಾಯಿ ಸೀಸನ್ ಶುರುವಾಗುವ ಹೊತ್ತಿಗೆ ಜೆಲ್ ಹೊರತೆಗೆಯುವುದನ್ನು ಮರೆಯಬಾರದು. ಒಣ ಚಳಿಯಲ್ಲಿ ಅದು ಒಳಗಿದ್ದರೆ ಬೇಕಾದ್ದಕ್ಕಿಂತ ಹೆಚ್ಚು ತೇವ ಹೀರುತ್ತದೆ.

ಪುಸ್ತಕ ಒದ್ದೆಯಾದರೆ 48 ಗಂಟೆಯೊಳಗೆ ಏನಾದರೂ ಮಾಡಬೇಕು, ಆಮೇಲೆ ಬೂಷ್ಟು. ಟೆರೇಸಿನ ಬಿಸಿಲಿಗೆ ಹರಡಿದರೆ ಕೆಂಪು, ಹಳದಿ ಬಣ್ಣ ಮಾಸಿ ಕಾಗದ ಅಲೆಯಲೆಯಾಗಿ ಸೆಟೆಯುತ್ತದೆ. ಒಂದೆರಡು ಪ್ರತಿ ಆದರೆ ನಾಲ್ಕೈದು ಪುಟಕ್ಕೊಂದು ಬ್ಲಾಟಿಂಗ್ ಪೇಪರ್ ಇಟ್ಟು, ನೆರಳಲ್ಲಿ, ಫ್ಯಾನಿನ ಓರೆಗಾಳಿಗೆ ಬಿಡಿ. ರಾಶಿ ಒದ್ದೆಯಾಗಿದ್ದರೆ ಬಿಡಿಸಲು ಕೂರದೆ ಕವರ್ ಹಾಕಿ ಫ್ರೀಜರಿಗೆ ತಳ್ಳಿ, ದಿನಕ್ಕೆ ಎರಡರಂತೆ ತೆಗೆದು ಒಣಗಿಸಿ. ನುಣುಪು ಲೇಪದ ಮುಖಪುಟಗಳು ಒಂದಕ್ಕೊಂದು ಅಂಟಿಕೊಂಡು ಒಣಗಿಬಿಟ್ಟರೆ ಬಿಡಿಸುವ ಉಪಾಯವಿಲ್ಲ.

ಸ್ಕ್ಯಾನ್, ಪಟ್ಟಿ, ಮಾರಾಟ

ಓದುವ ಆಸೆಗೆ ಸ್ಕ್ಯಾನ್ ಪ್ರತಿ ಇಟ್ಟುಕೊಂಡರೆ ಮೂಲವನ್ನು ಪದೇಪದೇ ಬಿಚ್ಚುವುದು ತಪ್ಪುತ್ತದೆ. ಬಣ್ಣದ ಪುಟಕ್ಕೆ 300 ಡಿಪಿಐ, ಕಮಾಂಡೊದಂಥ ಕಪ್ಪು ಗೆರೆಯ ಚಿತ್ರಕ್ಕೆ 600. ಸ್ಕ್ಯಾನರಿನ ಮುಚ್ಚಳ ಒತ್ತಿ ಬೆನ್ನು ಮುರಿಯುವ ಬದಲು, 90 ಡಿಗ್ರಿಗಿಂತ ಹೆಚ್ಚು ತೆರೆಯದಂತೆ ಎರಡು ಪುಸ್ತಕಗಳ ಆಸರೆ ಕೊಟ್ಟು ಮೊಬೈಲ್ ಸ್ಟ್ಯಾಂಡಿನಿಂದ ಫೋಟೊ ತೆಗೆಯುವುದು ಕ್ಷೇಮ. ಪ್ರತಿ ನಿಮ್ಮ ಬಳಿಯೇ ಇರಲಿ, ಈ ಕಥೆಗಳಲ್ಲಿ ಹೆಚ್ಚಿನವುಗಳ ಹಕ್ಕು ಕಂಪನಿಗಳ ಕೈಯಲ್ಲಿದೆ. ಜಪಾನೀಯರನ್ನು, ಜರ್ಮನ್ನರನ್ನು ಹೀನಾಯವಾಗಿ ಕರೆಯುವ ಮಾತು ಪುಟಪುಟದಲ್ಲೂ ಬರುತ್ತವೆ. ಮಕ್ಕಳ ಕೈಗೆ ಕೊಡುವ ಮುನ್ನ ತಿಳಿಸಿ ಹೇಳಿ, ಪೆನ್ನಿನಿಂದ ಹೊಡೆದು ಹಾಕಬೇಡಿ.

ಪಟ್ಟಿಯಲ್ಲಿ ಪ್ರಕಾಶಕರು, ಹೆಸರು, ನಂಬರ್, ತಿಂಗಳು–ವರ್ಷ, ಮುದ್ರಿತ ಬೆಲೆ, ಎಣಿಸಿದ ಪುಟ, ದೋಷ, ಮಾಡಿದ ರಿಪೇರಿ ಇರಲಿ. ಪುಸ್ತಕದ ಮೇಲೆ ಏನೂ ಬರೆಯದೆ ರಟ್ಟಿನ ಹಿಂಬದಿಯಲ್ಲಿ 2ಬಿ ಪೆನ್ಸಿಲ್ಲಿನಿಂದ ಕ್ರಮಸಂಖ್ಯೆ ಹಾಕಿ. ಮಾರುವಾಗ ಆ ಕೊನೆಯ ಎರಡು ಕಾಲಂ ಹಾಗೇ ನಕಲು ಮಾಡಿ ಕಳಿಸಿ. ಬದಲಿಸಿದ ಪಿನ್ನು, ಹಚ್ಚಿದ ಟಿಶ್ಯೂ, ಕತ್ತರಿಸಿದ ಕೂಪನ್ ಯಾವುದನ್ನೂ ಬಿಡಬೇಡಿ. ಬೆಲೆ ಕಟ್ಟಲು ಆನ್‌ಲೈನಿನಲ್ಲಿ ಜನ ಕೇಳುತ್ತಿರುವ ಮೊತ್ತವನ್ನಲ್ಲ, ಅದೇ ನಂಬರ್, ಅದೇ ದರ್ಜೆಯ ಪ್ರತಿ ನಿಜವಾಗಿ ಮಾರಾಟವಾದ ಮೊತ್ತವನ್ನು ನೋಡಿ. ಪಾರ್ಸೆಲ್ಲಿಗೆ ಪುಸ್ತಕಕ್ಕಿಂತ ಒಂದೊಂದು ಇಂಚು ದೊಡ್ಡದಾದ ಎರಡು ಗಟ್ಟಿ ಕಾರ್ಟನ್ ರಟ್ಟುಗಳ ನಡುವೆ, ಒಂದರ ಒಳಗಿನ ಅಲೆಯ ಗೆರೆ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಬರುವಂತೆ ಇಟ್ಟರೆ ಬ್ಯಾಗಿನಲ್ಲಿ ಎಷ್ಟು ಅದುಮಿದರೂ ಮಡಚುವುದಿಲ್ಲ.